ಎರಡು ಟಕ್ಕಿನ ಲಂಗ

ಮೈಸೂರು ಸಿಲ್ಕ್ ಸೀರೆ ಉಡುವವರ ಮಾತನ್ನು ಚೆನ್ನಾಗಿ ಕೇಳುತ್ತದೆ, ಹೊಲಿಯುವವರ ಮಾತನ್ನು ಕೇಳುವುದೇ ಇಲ್ಲ. ಮೈಮೇಲೆ ನೀರಿನ ಹಾಗೆ ಇಳಿದು ಕೂರುವ ಗುಣವೇ ಕತ್ತರಿಯ ಮುಂದೆ ಕಾಟವಾಗುತ್ತದೆ. ಗೌರಿ ಹಬ್ಬಕ್ಕೆ ಮೊಮ್ಮಗಳಿಗೆ ಲಂಗ ಹೊಲಿಸೋಣವೆಂದು ನಮ್ಮ ಅತ್ತೆಯವರ ಎಲೆಹಸಿರು ಕ್ರೇಪ್ ಸೀರೆಯನ್ನು ಒಯ್ದಿದ್ದೆ. ಟೇಲರು ಅದರ ಅಂಚನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ, "ಕಾಟನ್ ಇದ್ರೆ ಕೊಡಿ ಅಮ್ಮಾ, ನಾಳೆನೇ ಕೊಡ್ತೀನಿ. ಇದು ಮಾತ್ರ ಬೇಡ" ಅಂದರು. ಅವರದೇನೂ ತಪ್ಪಿಲ್ಲ. ಮಕ್ಕಳ ಲಂಗಕ್ಕೆ ಸಿಗುವ ಕೂಲಿಗೆ ಇಷ್ಟು ಹೆಣಗಾಟ ಯಾರಿಗೆ ಬೇಕು?

ಈ ಬಟ್ಟೆಯ ಹಠ ಇರುವುದು ಅದರ ಹುರಿಯಲ್ಲಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ಶುರುಮಾಡಿದ ರೇಷ್ಮೆ ಕಾರ್ಖಾನೆ ಹೆಸರು ಮಾಡಿದ್ದೇ ಕ್ರೇಪಿನಿಂದ. ಹೊಕ್ಕಿನ ಎಳೆಗಳಲ್ಲಿ ಕೆಲವನ್ನು ಬಲಕ್ಕೆ, ಕೆಲವನ್ನು ಎಡಕ್ಕೆ ಬಿಗಿಯಾಗಿ ಹುರಿ ಮಾಡಿರುತ್ತಾರೆ. ನೇಯುವಾಗ ರೇಷ್ಮೆಯ ಗೋಂದು ಅವನ್ನು ಸುಮ್ಮನಿರಿಸಿರುತ್ತದೆ. ನೇಯ್ದ ಮೇಲೆ ಕುದಿಸಿ ಗೋಂದು ತೆಗೆದಾಗ ಎಳೆಗಳು ತಮ್ಮ ತಮ್ಮ ದಿಕ್ಕಿಗೆ ತಿರುಗಲು ನೋಡುತ್ತವೆ. ಬಟ್ಟೆಯ ಮೈಯೆಲ್ಲ ಸಣ್ಣಗೆ ಸುಕ್ಕುತ್ತದೆ. ಆ ಸುಕ್ಕಿನಿಂದಲೇ ಅದರ ಇಳಿಬೀಳುವ ಅಂದ. ಕತ್ತರಿಸಿದ ಅಂಚು ಎಳೆಬಿಡುವುದು, ಓರೆ ಹಿಡಿದರೆ ಹಿಗ್ಗುವುದು, ನೀರು ಬಿದ್ದರೆ ಮುದುಡುವುದು, ಇವೆಲ್ಲ ಅದರ ಜೊತೆಗೇ ಬಂದವು.

ಸರಿ, ನಾನೇ ಕೂತೆ. ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಹರವಿದರೆ ಸೀರೆ ತನ್ನಷ್ಟಕ್ಕೆ ತಾನೇ ಹೊರಟುಬಿಡುತ್ತದೆ. ಕೆಳಗೆ ಹಳೇ ಕಾಟನ್ ಬೆಡ್‌ಶೀಟು ಹಾಸಿದರೆ ಅದನ್ನು ಕಚ್ಚಿಕೊಂಡು ನಿಲ್ಲುತ್ತದೆ. ಎರಡು ಪದರ ಮಡಚಿ ಒಟ್ಟಿಗೆ ಕತ್ತರಿಸುವ ದುರಾಸೆ ಬೇಡ. ಮೇಲಿನ ಪದರ ನೀವಂದುಕೊಂಡ ಅಳತೆಗೆ ಬರುತ್ತದೆ, ಕೆಳಗಿನದು ತನಗೆ ತೋಚಿದ ಅಳತೆಗೆ. ಒಂದೊಂದೇ ಪದರ, ಉದ್ದ ಕತ್ತರಿ, ಬಟ್ಟೆಯನ್ನು ನೆಲದಿಂದ ಎತ್ತಲೇಬಾರದು. ಮೆಷಿನ್ನಿಗೆ 11ನೇ ನಂಬರಿನ ಹೊಸ ಸೂಜಿ. ಹೊಲಿಗೆಯ ಕೆಳಗೆ ಬಟರ್ ಪೇಪರಿನ ಪಟ್ಟಿ ಕೊಟ್ಟು, ಆಮೇಲೆ ಹರಿದು ತೆಗೆದರಾಯಿತು. ನ್ಯೂಸ್‌ಪೇಪರ್ ಇಟ್ಟರೆ ಮಸಿ ಹತ್ತುತ್ತದೆ. ಜರಿಯ ಮೇಲೆ ಬಂದಾಗ ತುಳಿಯುವುದನ್ನು ನಿಲ್ಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು.

ನನಗೆ ಇದರಲ್ಲಿ ಬಲು ಇಷ್ಟವಾದ ಭಾಗ ಟಕ್ ಹಿಡಿಯುವುದು. ಸೀರೆಯ ಲಂಗಕ್ಕೆ ಅಂಚೇ ಕೆಳಗಿನ ತುದಿ. ಅಲ್ಲಿ ಮಡಚಿ ಹೊಲಿಯುವ ಹಾಗಿಲ್ಲ, ಮಡಚಿದರೆ ಜರಿಯೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ಮಗು ಬೆಳೆಯುವುದಕ್ಕೆ ಬೇಕಾದ ಬಟ್ಟೆಯನ್ನು ಅಂಚಿನ ಮೇಲ್ಗಡೆ, ಒಳಮೈಗೆ ಟಕ್ ಹಿಡಿದು ಬಚ್ಚಿಡುತ್ತಾರೆ. 1 ಇಂಚಿನ ಟಕ್ಕು 2 ಇಂಚು ಬಟ್ಟೆ ನುಂಗುತ್ತದೆ. ನಾನು ಎರಡು ಹಿಡಿದೆ. ಹೊಲಿಗೆ ದೂರದೂರ ಇರಬೇಕು. ಒತ್ತಾಗಿ ಹಾಕಿದರೆ ಮುಂದೆ ಬಿಚ್ಚಿದಾಗ ಕ್ರೇಪಿನ ಮೇಲೆ ಸೂಜಿಯ ತೂತಿನ ಸಾಲು ಉಳಿಯುತ್ತದೆ. ಬಿಚ್ಚಿದ ಜಾಗದಲ್ಲಿ ಬಣ್ಣವೂ ಒಂದು ಛಾಯೆ ಗಾಢವಾಗಿ ಕಾಣುತ್ತದೆ. ನಮ್ಮ ಕಾಲದ ಹುಡುಗಿಯರ ಲಂಗಗಳನ್ನು ನೋಡಿಯೇ, ಇವಳು ಹೋದ ವರ್ಷಕ್ಕಿಂತ ಎಷ್ಟು ಉದ್ದವಾದಳೆಂದು ಓಣಿಯವರು ಹೇಳಿಬಿಡುತ್ತಿದ್ದರು. ಈಗಿನ ರೆಡಿಮೇಡ್ ಲಂಗಗಳಲ್ಲಿ ಮಗು ಬೆಳೆಯುತ್ತದೆಂಬ ಯೋಚನೆಯೇ ಇರುವುದಿಲ್ಲ.

ಆರು ವರ್ಷದ ಮಗುವಿಗೆ ಸೊಂಟವೆಂಬುದು ಇರುವುದಿಲ್ಲ, ಹೊಟ್ಟೆ ಮಾತ್ರ. ಲಾಡಿ ಎಷ್ಟು ಬಿಗಿದರೂ ಕ್ರೇಪ್ ಜಾರುತ್ತದೆ, ಇನ್ನೂ ಬಿಗಿದರೆ ಮಗು ಅಳುತ್ತದೆ. ಅದಕ್ಕೇ ತೆಳು ಕಾಟನ್ನಿನ ತೋಳಿಲ್ಲದ ಬಾಡಿ ಹೊಲಿದು ಲಂಗವನ್ನು ಅದಕ್ಕೆ ಜೋಡಿಸುವುದು. ಸೀರೆಯ ಅಗಲದಲ್ಲಿ ಮೇಲೆ ಉಳಿದದ್ದರಲ್ಲಿ ಜಾಕೀಟು, ಮೇಲಿನ ಅಂಚು ತೋಳಿಗೆ.

ಹಾಕಿಕೊಂಡವಳು ಕನ್ನಡಿ ನೋಡಲಿಲ್ಲ, ನಿಂತಲ್ಲೇ ಗಿರ್ರನೆ ಸುತ್ತಿ, "ಅಜ್ಜೀ, ಇದು ಹಾರತ್ತೆ!" ಅಂದಳು. ಜರಿಯ ಅಂಚಿನ ಭಾರಕ್ಕೆ ಕ್ರೇಪ್ ಲಂಗ ಹಾರುವಷ್ಟು ಚೆನ್ನಾಗಿ ಬೇರೆ ಯಾವುದೂ ಹಾರುವುದಿಲ್ಲ.

ಅತ್ತೆಯ ಸೀರೆಗೆ ಕತ್ತರಿ ಹಾಕಿದೆಯಲ್ಲ ಎಂದು ನೊಂದುಕೊಂಡ ನೆಂಟರೂ ಇದ್ದಾರೆ. ಬೀರುವಿನಲ್ಲಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಆಮೇಲೆ ಅದನ್ನು ಕೇಳುವವರು ಬೀದಿಯಲ್ಲಿ ಹಳೇ ರೇಷ್ಮೆ ಸೀರೆ ಕೊಳ್ಳುವವರು ಮಾತ್ರ, ಅದೂ ಜರಿ ಸುಟ್ಟು ಬೆಳ್ಳಿ ತೆಗೆಯಲು. ನಿಮ್ಮ ಬೀರುವಿನಲ್ಲೂ ಅಂಥದೊಂದಿದ್ದರೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಗಟ್ಟಿಯಾಗಿರುವ ಕಡೆ ಅಳತೆ ಹಾಕಿ. ಲೈನಿಂಗ್ ಮಾತ್ರ ಕಾಟನ್ನಿನದೇ ಇರಲಿ, ಅದನ್ನು ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಕೊಳ್ಳಿ.