ಥರ್ಮಾಕೋಲ್ ಮನೆ

ಕೈಗೆ ನಾಲ್ಕು ಕಾಸು ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಗದಗದ ಹತ್ತಿರದ ನಮ್ಮೂರಲ್ಲಿದ್ದ ಹಳೇ ಮಣ್ಣಿನ ಮನೆ ಕೆಡವಿಸಿ ಆರ್‌ಸಿಸಿ ಮನೆ ಕಟ್ಟಿಸಿದ್ದು. ಗ್ರಾನೈಟ್ ಕಟ್ಟೆ, ಟೈಲ್ಸು, ಎಲ್ಲಾ ಬೆಂಗಳೂರಲ್ಲಿ ಕೂತು ನಾನೇ ಆರಿಸಿದ್ದೆ. ಮುಂದಿನ ಏಪ್ರಿಲ್‌ನಲ್ಲಿ ಊರಿಗೆ ಹೋದರೆ ಅಪ್ಪ ಬೇವಿನ ಗಿಡದ ಕೆಳಗೆ ಹೊರಸು ಹಾಕ್ಕೊಂಡು ಮಲಗಿದ್ದ.

"ಒಳಗ್ಯಾಕ ಮಲಗಿಲ್ಲ?" ಅಂದೆ.

"ತಮ್ಮಾ, ನೀ ಮನಿ ಕಟ್ಸೀಯೋ, ಒಲಿ ಕಟ್ಸೀಯೋ?" ಅಂದ.

ಆ ರಾತ್ರಿ ಹಾಲ್‌ನಲ್ಲಿ ಮಲಗಿದಾಗ ಗೊತ್ತಾಯ್ತು. ಹತ್ತು ಗಂಟೆಯಾದರೂ ಸ್ಲ್ಯಾಬು ಬಿಸಿ ಉಗುಳ್ತಾ ಇತ್ತು. ಬೇಸಿಗೆಯಲ್ಲಿ ನಮ್ಮ ಕಡೆ ಸೂರ್ಯ ನೆತ್ತಿ ಮೇಲೇ ಇರ್ತಾನೆ. ಒಂದಂತಸ್ತಿನ ಮನೆಗೆ ಹೆಚ್ಚಿನ ಶಾಖ ಇಳಿಯೋದು ಚಾವಣಿಯಿಂದ. ಐದಿಂಚಿನ ಕಾಂಕ್ರೀಟು ಅದನ್ನ ಹಗಲೆಲ್ಲಾ ಕುಡಿದು ರಾತ್ರಿಯೆಲ್ಲಾ ಒಳಗೆ ಬಿಡುತ್ತೆ. ಹಳೇ ಮನೆಯ ಜಂತಿಗಳ ಮೇಲೆ ಒಂದಡಿ ಮಣ್ಣಿತ್ತು, ಗೋಡೆ ಎರಡಡಿ ದಪ್ಪ. ಅದನ್ನ ಕೆಡವಿಸಿದವನು ಬಿಇ ಓದಿದ ನಾನು. ಏಸಿ ಹಾಕಿಸಿಕೊಟ್ಟೆ. ಕರೆಂಟ್ ಬಿಲ್ ನೋಡಿದ ಮೇಲೆ ಅಪ್ಪ ಅದನ್ನ ಮುಟ್ಟಲಿಲ್ಲ.

ಮಹಡಿ ಮೇಲೆ ಎರಡು ಕೋಣೆ ಎತ್ತಿಸೋ ಹೊತ್ತಿಗೆ ಸ್ವಲ್ಪ ಓದಿಕೊಂಡೆ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೂ ಕೇಳಿದೆ. ಇಪಿಎಸ್ ಪ್ಯಾನೆಲ್ ಅಂತ ತೀರ್ಮಾನವಾಯ್ತು. ನಡುವೆ ನಾಲ್ಕಿಂಚು ಥರ್ಮಾಕೋಲ್, ಎರಡೂ ಬದಿ ಕಬ್ಬಿಣದ ಜಾಲರಿ. ಗೋಡೆಯಾಗಿ ನಿಲ್ಲಿಸಿದ ಮೇಲೆ ಎರಡೂ ಕಡೆ ಒಂದೂವರೆ ಇಂಚು ಕಾಂಕ್ರೀಟ್ ಸಿಡಿಸ್ತಾರೆ. ಚಾವಣಿಗೂ ಅದೇ, ಕಂಬಿ ಮಾತ್ರ ಜಾಸ್ತಿ. ಥರ್ಮಾಕೋಲ್‌ನಲ್ಲಿ ಶೇ 98ರಷ್ಟು ಇರೋದು ಗಾಳಿ. ಒಳಗೆ ಸಿಕ್ಕಿಬಿದ್ದ ಆ ಗಾಳಿಯೇ ಶಾಖ ತಡೆಯೋದು.

ಲಾರಿಯಿಂದ ಇಬ್ಬರೇ ಒಂದೊಂದು ಗೋಡೆ ಎತ್ತಿ ಇಳಿಸೋದು ನೋಡಿ ಅಪ್ಪ, "ಟಿವಿ ಡಬ್ಬಿಯೊಳಗ ಬರ್ತೈತಲ್ಲ, ಅದರಾಗ ಮನಿ ಕಟ್ತೀಯೇನು?" ಅಂದ. ಊರ ಗೌಂಡಿಯೂ ಬೆರಳಲ್ಲಿ ಒತ್ತಿ ನೋಡಿ ನಕ್ಕ. ವೈರಿಂಗ್ ಪೈಪಿಗೆ ಗೋಡೆ ಕೊರೆಯೋ ಬದಲು ಬಿಸಿಗಾಳಿ ಊದಿ ಥರ್ಮಾಕೋಲ್ ಕರಗಿಸಿ ದಾರಿ ಮಾಡಿದಾಗ ಅವನೇ ಹತ್ತಿರ ಬಂದು ನಿಂತ.

ಇದರಲ್ಲಿ ಪವಾಡ ಏನಿಲ್ಲ. ಸಿಮೆಂಟು, ಕಬ್ಬಿಣ ಇದ್ದೇ ಇದೆ. ಥರ್ಮಾಕೋಲ್ ಬರೋದೂ ಪೆಟ್ರೋಲಿಯಂನಿಂದ. ಮಣ್ಣಿನ ಮನೆ ಮುಂದೆ ಇದನ್ನ ಪರಿಸರಸ್ನೇಹಿ ಅನ್ನೋಕೆ ನನಗೇ ನಾಚಿಕೆ. ಇಟ್ಟಿಗೆಗಿಂತ ಖರ್ಚೂ ಜಾಸ್ತಿ ಬಂತು. ಎರಡೇ ಕೋಣೆಗೆ ಅಷ್ಟು ದೂರ ಬರೋಕೆ ಗುತ್ತಿಗೆದಾರರು ಮೂರು ಸಲ ದಿನ ಮುಂದೂಡಿದರು. ಆದರೆ ಮಹಡಿಗೆ ಏಸಿ ಬೇಕಾಗಲಿಲ್ಲ. ಕೋಣೆಗಳ ನೆರಳಿಗೆ ಕೆಳಗಿನ ಹಾಲೂ ತಣ್ಣಗಾಯ್ತು. ಬಯಲಾಗಿ ಉಳಿದ ಸ್ಲ್ಯಾಬಿಗೆ ಸುಣ್ಣ ಬಳಿಸಿದೆ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಫೋನ್ ಮಾಡಿದರೆ ಅಪ್ಪ ನಿದ್ದೆಗಣ್ಣಲ್ಲಿ ಎತ್ತಿದ. ಮಹಡಿ ಕೋಣೆಯಲ್ಲಿ ಮಲಗಿದ್ದನಂತೆ.

"ಹಳೇ ಮನಿಯಷ್ಟಿಲ್ಲ ಬಿಡು. ಆದ್ರ ನಿದ್ದಿ ಬರ್ತೈತಿ."

ಊರಲ್ಲಿ ಅಪ್ಪ-ಅಮ್ಮನಿಗೆ ಮನೆ ಕಟ್ಟಿಸೋ ಆಸೆ ನಿಮಗೂ ಇದ್ದರೆ, ಟೈಲ್ಸ್ ಆರಿಸೋ ಮೊದಲು ಚಾವಣಿ ಬಗ್ಗೆ ಯೋಚನೆ ಮಾಡಿ. ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ಇರೋರು ಅವರು.