ಷರಾ ಕಾಲಂನಲ್ಲಿ ಬರೆದದ್ದು

ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಕಡೆ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆಯಾಗಿ ಸೇರಿದಾಗ ಕೈಗೆ ಬಂದದ್ದು ಒಂದು ಉದ್ದನೆಯ ರಿಜಿಸ್ಟರು. ಈ ಕೆಲಸವನ್ನು ಅಂಗವಿಕಲರಿಗೇ ಕೊಡುತ್ತಾರೆ. ನನ್ನ ಎಡಗಾಲಿಗೆ ಪೋಲಿಯೋ. ರಿಜಿಸ್ಟರಿನಲ್ಲಿದ್ದ ಕಾಲಂಗಳು ಹೆಸರು, ತಂದೆಯ ಹೆಸರು, ವಯಸ್ಸು, ವಿಕಲತೆಯ ವಿಧ, ಶೇಕಡಾವಾರು, ಮಾಸಾಶನ ಬರುತ್ತಿದೆಯೇ, ಕೊನೆಗೆ ಷರಾ. ಮನೆಮನೆ ತಿರುಗಿ ಇಷ್ಟನ್ನು ತುಂಬಬೇಕಿತ್ತು.

ಕಾಲಿಲ್ಲದವರು, ಕಣ್ಣು ಕಾಣದವರು ಸುಲಭಕ್ಕೆ ಸಿಗುತ್ತಿದ್ದರು. ಬುದ್ಧಿ ಬೆಳೆಯದ ಮಕ್ಕಳು ಸಿಗುತ್ತಿರಲಿಲ್ಲ. ನಮ್ಮದು ತೋಟದ ನಡುವಿನ ಒಂಟಿ ಮನೆಗಳ ಸೀಮೆ. ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟು, “ನಮ್ಮನೇಲಿ ಅಂಥೋರು ಯಾರೂ ಇಲ್ಲ ಕಣೇ ತಂಗಿ” ಎನ್ನುವ ಹೊತ್ತಿಗೇ ಒಳಗಿನಿಂದ ಆ ಮಗುವಿನ ದನಿ ಕೇಳುತ್ತಿತ್ತು. “ಇವನ ಅಕ್ಕನ ಮದುವೆ ಒಂದು ಆಗ್ಲಿ, ಆಮೇಲೆ ಬರ್ಕೊ” ಎಂದು ಅಂಗಳದ ತುದಿಯವರೆಗೆ ಬಂದು ಮೆಲ್ಲಗೆ ಹೇಳಿದ ತಾಯಂದಿರೂ ಇದ್ದರು. ಅವರನ್ನು ನಾನು ಯಾವತ್ತೂ ದೂರಿಲ್ಲ. ಬರೆಸಿಕೊಂಡವರಿಗೆ ಏನು ಸಿಗುತ್ತದೆ ಎಂದು ಅವರು ಕೇಳಿದರೆ ಆಗ ನನ್ನ ಹತ್ತಿರ ಇದ್ದ ಉತ್ತರ ಮಾಸಾಶನ ಒಂದೇ.

ನಮ್ಮ ಕಡೆಯವರಿಗೆ ಅಂಗವಿಕಲತೆ ಎಂದರೆ ಕಣ್ಣ ಮುಂದೆ ಬರುವುದೇ ಬೇರೆ. ಸಾಗರದ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದಲ್ಲಿ ಸೊಂಟ, ಮಂಡಿಯ ಕೀಲು ಸವೆದು ಜನ ನಡೆಯಲಾಗದೆ ಹೋದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲಿಗೆ ಹುಟ್ಟಿತು. ವಂಶವೃಕ್ಷ ಬರೆದು ನೋಡಿದ ಮುಂದಿನ ಸಂಶೋಧಕರು ಅದು ಅನುವಂಶೀಯ ಎಂದರು. ಅಷ್ಟು ಕಾಯಿಲೆಯ ಮಧ್ಯೆ, ಎಲುಬಿನಲ್ಲಿ ಕಾಣದ ಕೊರತೆಯ ಮಕ್ಕಳು ಲೆಕ್ಕಕ್ಕೆ ಬರುವುದು ಇನ್ನೂ ತಡವಾಯಿತು ಎಂದೇ ನನ್ನ ಎಣಿಕೆ. ಜನಗಣತಿಯೂ 2001ರಲ್ಲಿ ಮನೋರೋಗ, ಬುದ್ಧಿಮಾಂದ್ಯತೆ ಎರಡನ್ನೂ ಒಂದೇ ಖಾನೆಗೆ ಹಾಕಿತ್ತು. ಬೇರೆ ಮಾಡಿದ್ದು 2011ರಲ್ಲಿ.

ಅಂಗವಿಕಲತೆಯ ಸರ್ಟಿಫಿಕೇಟ್ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಆಗುಂಬೆ ಕಡೆಯವರಿಗೂ ಅದೇ, ಶರಾವತಿ ಹಿನ್ನೀರಿನಾಚೆಯ ತುಮರಿಯವರಿಗೂ ಅದೇ. ತುಮರಿಯವರು ಮೊದಲು ಲಾಂಚ್ ಹಿಡಿದು ಹೊಳೆ ದಾಟಿ, ಸಾಗರಕ್ಕೆ ಬಂದು, ಅಲ್ಲಿಂದ ಮತ್ತೆ ಬಸ್ಸು ಹತ್ತಬೇಕಿತ್ತು. ಜನ ಕಂಡರೆ ಕಿರುಚುವ ಇಪ್ಪತ್ತರ ಮಗನನ್ನು ಹಾಗೆ ಕರೆದೊಯ್ಯುವುದು ಏನೆಂದು ಜೊತೆಗೆ ಹೋದವರಿಗೇ ಗೊತ್ತು. ಆ ಹಿನ್ನೀರಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಆಸ್ಪತ್ರೆಯಲ್ಲಿ ಬುದ್ಧಿಮಟ್ಟ ಅಳೆದು, ಬುದ್ಧಿಮಾಂದ್ಯತೆ ಅಲ್ಪ ಇದ್ದರೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100 ಎಂದು ಶೇಕಡಾ ಬರೆಯುತ್ತಿದ್ದರು. ಕೊಟ್ಟಿಗೆಯ ದನಗಳನ್ನೆಲ್ಲ ಹೆಸರು ಹಿಡಿದು ಕರೆಯುವ ಹುಡುಗ ಅಲ್ಲಿಯ ಗದ್ದಲಕ್ಕೆ ಬೆದರಿ ಮೇಜಿನಡಿ ಸೇರಿದ್ದನ್ನು ಕಂಡಿದ್ದೇನೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವಿಕಲತೆ ಇತ್ತು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಶಾಲೆಯಲ್ಲಿ ದಡ್ಡ ಎನಿಸಿಕೊಂಡು ಹಿಂದಿನ ಬೆಂಚಿಗೆ ಹೋದ, ಕಲಿಕಾ ನ್ಯೂನತೆಯ ಮಗುವಿಗೂ ಆಗ ಜಾಗ ಸಿಕ್ಕಿತು. ರಿಜಿಸ್ಟರು ಕಂಪ್ಯೂಟರಿಗೆ ಹೋಯಿತು. ಯುಡಿಐಡಿ ಕಾರ್ಡು ಬಂತು, ದೇಶದಲ್ಲೆಲ್ಲ ನಡೆಯುವ ಒಂದೇ ಗುರುತು. ಹಳೆಯ ಚೀಟಿ ಮಳೆಗಾಲದಲ್ಲಿ ಬೂಸಲು ಹಿಡಿದು ಹರಿಯಿತೆಂದು ಅತ್ತವರನ್ನು ಕಂಡ ನನಗೆ ಅದು ದೊಡ್ಡ ಉಪಕಾರವೇ.

ಆದರೆ ಮಗುವನ್ನು ದಿನವೂ ನೋಡಿಕೊಳ್ಳುವವರ ಲೆಕ್ಕ ನಾನು ತುಂಬಿದ ಯಾವ ನಮೂನೆಯಲ್ಲೂ ಇರಲಿಲ್ಲ. ಅಂಗನವಾಡಿಗೆ ಒಂದು ಪಟ್ಟಿ, ಮನೆಗೇ ಬಂದು ಕಲಿಸುವ ವಿಶೇಷ ಶಿಕ್ಷಕರಿಗೆ ಒಂದು, ಮಾಸಾಶನಕ್ಕೆ ನಾಡಕಚೇರಿಯಲ್ಲಿ ಒಂದು, ನಮ್ಮದು ಇನ್ನೊಂದು. ಒಂದರಲ್ಲಿ ಶಾಲೆಯ ಹೆಸರು, ಮತ್ತೊಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು. ಶಿಕ್ಷಕರು ಎಷ್ಟು ಸಲ ಬಂದರು, ಮಗುವಿನ ವ್ಯಾಯಾಮ ಯಾಕೆ ನಿಂತಿತು ಎನ್ನುವುದು ಒಂದೇ ಕಡೆ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಷರಾದಲ್ಲಿ ಬರೆಯತೊಡಗಿದೆ: “ತಾಯಿಗೆ ಅರವತ್ತೆಂಟು, ಮಂಡಿನೋವು, ಸ್ನಾನ ಮಾಡಿಸುವುದು ಕಷ್ಟ.” “ಅಜ್ಜಿ ತೀರಿಕೊಂಡ ಮೇಲೆ ಹುಡುಗಿ ಊಟ ಬಿಟ್ಟಿದ್ದಾಳೆ.” ಕಂಪ್ಯೂಟರಿಗೆ ಏರಿಸುವಾಗ ಆ ಸಾಲುಗಳು ಬಿಟ್ಟುಹೋದವು.

ಇಂಥ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಹೆತ್ತ ತಾಯಿಯೇ ಕಾನೂನಿನ ಪೋಷಕಿ ಎನ್ನಲಿಕ್ಕೂ ಕಾಗದ ಬೇಕು. ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರ ಪ್ರಕಾರ ಅದನ್ನು ಕೊಡುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ. ಬ್ಯಾಂಕಿನಲ್ಲಿ ಹಣ ತೆಗೆಯಲಾಗದೆ ಹೋದಾಗಲೇ ಬಹಳ ಮನೆಗಳಿಗೆ ಇದು ತಿಳಿದದ್ದು. ಮೊದಲೇ ಹೇಳಬೇಕಾದರೆ ಯಾವ ಮನೆಯಲ್ಲಿ ಯಾರು ಹದಿನೆಂಟಕ್ಕೆ ಬರುತ್ತಿದ್ದಾರೆ, ನೋಡಿಕೊಳ್ಳುವವರಿಗೆ ವಯಸ್ಸೆಷ್ಟು ಎಂದು ಪುಸ್ತಕದಲ್ಲಿ ಕಾಣಬೇಕು.

ನಾನು ಕೇಳುವುದು ಇಷ್ಟೇ. ಯಾರು ನೋಡಿಕೊಳ್ಳುತ್ತಿದ್ದಾರೆ, ಅವರ ವಯಸ್ಸೆಷ್ಟು, ಅವರಿಗೆ ಆಗದಿದ್ದಾಗ ಮುಂದೆ ಯಾರು ಎಂಬ ಮೂರು ಕಾಲಂಗಳನ್ನು ಪಂಚಾಯಿತಿಯ ಪಟ್ಟಿಗೆ ಸೇರಿಸಲಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥ ಮಗು ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಇದನ್ನು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಬನ್ನಿ.