ಕಾಯುವ ನಾಲ್ಕು ವಾರ

ನವೆಂಬರ್ ಮುಗಿಯುತ್ತ ಬಂದಿತೆಂದರೆ ನನ್ನ ಸಹಪಾಠಿಗಳು ಕೇಳುವ ಪ್ರಶ್ನೆ ಒಂದೇ: "ಈ ಸಲ ಕೇಕು ಎಷ್ಟು ದೊಡ್ಡದು?" ಅವರ ತಪ್ಪೇನೂ ಇಲ್ಲ. ಪೇಟೆಯ ಬೇಕರಿಗಳೆಲ್ಲ ಕ್ರಿಸ್‌ಮಸ್ಸೆಂದರೆ ಕೇಕೆಂದು ಸಾರುತ್ತಿರುವಾಗ ಪಾಪ, ಅವರಾದರೂ ಏನು ಮಾಡಿಯಾರು! ಹಬ್ಬಕ್ಕೆ ಮುಂಚೆ ನಾಲ್ಕು ಭಾನುವಾರಗಳ ಒಂದು ಕಾಲವಿದೆ, ಅದನ್ನು ಆಗಮನ ಕಾಲವೆನ್ನುತ್ತಾರೆ ಎಂಬುದು ಬಹುಮಂದಿಗೆ ತಿಳಿಯದು. ನನಗಾದರೋ ಹಬ್ಬಕ್ಕಿಂತ ಆ ಕಾಲವೇ ಹೆಚ್ಚು ಪ್ರಿಯ. ಕಾರಣ ಹೇಳಬೇಕಾದರೆ ಮನೆಯ ಮಾತನ್ನು ಬೀದಿಗೆ ತರಬೇಕಾಗುತ್ತದೆ. ಅಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳಿದ್ದೇನೆ.

ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಈ ಕಾಲ ಆರಂಭವಾಗುತ್ತದೆ. ಗುರುಗಳು ನೇರಳೆ ಬಣ್ಣದ ಉಡುಪು ತೊಟ್ಟು ಪೂಜೆ ಅರ್ಪಿಸುತ್ತಾರೆ. ಉಳಿದ ಭಾನುವಾರಗಳಲ್ಲಿ ಹಾಡುವ ಮಹಿಮೆಯ ಗೀತೆ ಆಗ ಇರುವುದಿಲ್ಲ. ಐದನೆಯ ಶತಮಾನದಲ್ಲಿ ಇಂದಿನ ಫ್ರಾನ್ಸಿನ ಟೂರ್ ಪಟ್ಟಣದ ಬಿಷಪ್ ಪರ್ಪೆಚುವಸ್ ಎಂಬವರು ನವೆಂಬರ್ 11ರಿಂದ ಕ್ರಿಸ್‌ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸವಿರಬೇಕೆಂದು ವಿಧಿಸಿದ್ದರಂತೆ. ಅಂದರೆ ಇದು ಮೂಲದಲ್ಲಿ ತಿನ್ನುವ ಕಾಲವಲ್ಲ, ಬಿಡುವ ಕಾಲ. ಇದನ್ನು ನಾನು ಓದಿದ್ದು ಕಾಲೇಜಿಗೆ ಬಂದ ಮೇಲೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಮ್ಮನಿಗೆ ಪರ್ಪೆಚುವಸ್ಸರ ಸುದ್ದಿ ಎಲ್ಲಿಂದ ತಿಳಿಯಬೇಕು? ಆದರೂ ಆಕೆ ಮಾಡಿದ್ದು ಅದನ್ನೇ.

ನಮ್ಮದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಅಮ್ಮ ಇಬ್ಬರೂ ಗದ್ದೆ ತೋಟಗಳಲ್ಲಿ ಕೂಲಿಗೆ ಹೋಗುವವರು. ಡಿಸೆಂಬರೆಂದರೆ ಭತ್ತದ ಸುಗ್ಗಿ, ಅಡಿಕೆ ಕೊಯ್ಲು. ವರ್ಷದಲ್ಲಿ ಕೈಗೆ ನಾಲ್ಕು ಕಾಸು ಹತ್ತುವ ಕಾಲ. ಕೈಗೆ ಹತ್ತಿದ ಕಾಸು ಮನೆಗೆ ಬರುವ ದಾರಿಯಲ್ಲಿಯೇ ಕರಗುತ್ತಿತ್ತು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ನಮ್ಮೂರಿನ ಮಟ್ಟಿಗೆ ಹೇಳುವುದಾದರೆ ಅಂಗಡಿಯ ಬೋರ್ಡು ಬದಲಾಯಿತು, ಅಷ್ಟೇ. ಕುಡಿದು ಬಂದ ಅಪ್ಪ ಹೊಡೆಯುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಜಗಲಿಯ ಮೇಲೆ ಕುಳಿತು ಅಳುತ್ತಿದ್ದ. ಅಕ್ಕ ಮತ್ತು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಅದಕ್ಕಿಂತ ಹೊಡೆದಿದ್ದರೇ ವಾಸಿಯಿತ್ತೆಂದು ಅಕ್ಕ ಈಗಲೂ ಹೇಳುತ್ತಾಳೆ.

ನಾನು ಆರು ವರ್ಷದವಳಿದ್ದಾಗ, 2011ರಲ್ಲಿ, ಪಕ್ಕದ ಮನೆಯ ಮಾವ ಅಯ್ಯಪ್ಪನ ಮಾಲೆ ಹಾಕಿದರು. ಅವರು ಅಪ್ಪನ ಸಂಜೆಯ ಜೊತೆಗಾರರು. ನಲವತ್ತೊಂದು ದಿನ ಕುಡಿತವಿಲ್ಲ, ಮಾಂಸವಿಲ್ಲ, ಎರಡು ಹೊತ್ತು ತಣ್ಣೀರಿನ ಸ್ನಾನ. ಆ ಮನೆಯ ಅತ್ತೆ ನೀರು ಸೇದುತ್ತ ಅಮ್ಮನಿಗೆ ಹೇಳಿದರಂತೆ: "ನಮ್ಮನೆ ದೇವಸ್ಥಾನ ಆದಂಗಾಗಿದೆ ಕಣೇ." ಅಂದು ರಾತ್ರಿ ಅಮ್ಮ ಅಪ್ಪನ ಮುಂದೆ ಕುಳಿತು ಕೇಳಿದಳು: "ಅವರಿಗೆ ಮಾಲೆ ಇದೆ. ನಮಗೆ ನಾಲ್ಕು ಭಾನುವಾರ ಇಲ್ಲವಾ?"

ಗುರುಗಳು ನಮ್ಮ ಕಡೆಗೆ ಬರುವುದು ತಿಂಗಳಿಗೆ ಒಂದೆರಡು ಸಲ. ಆದ್ದರಿಂದ ಆ ವ್ರತದ ವಿಧಿಗಳನ್ನೆಲ್ಲ ಗಂಡಹೆಂಡಿರಿಬ್ಬರೇ ಕೂಡಿ ಕಟ್ಟಿದರು. ನಾಲ್ಕು ಮಣ್ಣಿನ ಹಣತೆ, ಭಾನುವಾರಕ್ಕೆ ಒಂದರಂತೆ. ವಾರವಿಡೀ ಕುಡಿಯದೆ ಇದ್ದರೆ ಹಣತೆ ಹಚ್ಚುವವನು ಅಪ್ಪನೇ. ಅಮ್ಮನ ತವರು ಮೈಸೂರಿನ ಕಡೆ. ಅಲ್ಲಿಂದ ಬಂದ ಪದ್ಧತಿಯಂತೆ ತಗಡಿನ ತಟ್ಟೆಯಲ್ಲಿ ರಾಗಿ ಬಿತ್ತಿದಳು. ಹಬ್ಬದ ಹೊತ್ತಿಗೆ ಅದು ಗೇಣುದ್ದ ಬೆಳೆದು ಬಾಲಯೇಸುವಿನ ಗೋದಲಿಗೆ ಹಸಿರಾಗುತ್ತದೆ. ಭತ್ತದ ನಾಡಿನವನಾದ ಅಪ್ಪ ಬಿಟ್ಟಾನೆಯೇ? ಅರ್ಧ ತಟ್ಟೆಗೆ ನೆನೆಸಿದ ಭತ್ತ ಹಾಕಿದ. ಯಾವುದು ಮೊದಲು ಮೊಳೆಯುವುದೆಂದು ದಿನವೂ ಜಗಳ. ಸಂಜೆ ಅಂಗಡಿಯ ಕಡೆ ಹೋಗಬೇಕಾದ ಕಾಲು ತಟ್ಟೆಗೆ ನೀರು ಚಿಮುಕಿಸಲು ಮನೆಗೆ ಬರುತ್ತಿತ್ತು. ಬಿದಿರು ಸೀಳಿ ನಕ್ಷತ್ರ ಕಟ್ಟುತ್ತ ಅಪ್ಪ ಹಾಡುತ್ತಿದ್ದ. ಅಪ್ಪನಿಗೆ ಅಷ್ಟು ಒಳ್ಳೆಯ ಕಂಠವಿದೆಯೆಂದು ನಮಗೆ ಗೊತ್ತಾದದ್ದು ಆಗಲೇ.

2014ರಲ್ಲಿ ಮೂರನೆಯ ವಾರ ಅಪ್ಪ ಕುಡಿದು ಬಂದ. ಆ ಭಾನುವಾರಕ್ಕೆ ಸಂತೋಷದ ಭಾನುವಾರವೆಂದೇ ಹೆಸರು. ಅಮ್ಮ ಗದರಲಿಲ್ಲ. ಆ ಹಣತೆಗೆ ಎಣ್ಣೆ ಹಾಕಲಿಲ್ಲ, ಅಷ್ಟೇ. ಮುಂದಿನ ಭಾನುವಾರ ಅಪ್ಪ ನಾಲ್ಕನೆಯದನ್ನು ಹಚ್ಚಿ ಮೂರನೆಯದಕ್ಕೂ ಕೈ ನೀಡಿದಾಗ, "ಅದು ಹಂಗೇ ಇರಲಿ" ಎಂದಳು. ಆ ವರ್ಷದ ಗೋದಲಿಗೆ ಮೂರೇ ದೀಪ.

ಇನ್ನು ಹಬ್ಬದ ಮಾತು. ಡಿಸೆಂಬರ್ 25ರ ಮಧ್ಯಾಹ್ನ ನೆಂಟರು ಬರುತ್ತಿದ್ದರು, ಜೊತೆಗೆ ಬಾಟಲಿಯೂ ಬರುತ್ತಿತ್ತು. ಹೆಚ್ಚುಕಡಿಮೆ ಅದೇ ವಾರದಲ್ಲಿ ಪಕ್ಕದ ಮಾವ ಶಬರಿಮಲೆಯಿಂದ ಹಿಂದಿರುಗಿ ಮಾಲೆ ತೆಗೆಯುತ್ತಿದ್ದರು. ಎರಡು ಮನೆಯ ಹೆಂಗಸರೂ ಒಟ್ಟಿಗೇ ಮಂಕಾಗುತ್ತಿದ್ದರು. ಊರಿನ ಮಕ್ಕಳೆಲ್ಲ ಹಬ್ಬ ಬೇಗ ಬರಲೆಂದು ಬೇಡುತ್ತಿದ್ದರೆ ನಾವಿಬ್ಬರು ಮಾತ್ರ ಐದನೆಯದೊಂದು ಭಾನುವಾರವಿರಬಾರದೇ ಎಂದು ಲೆಕ್ಕ ಹಾಕುತ್ತಿದ್ದೆವು.

ಕಳೆದ ಮೇ ತಿಂಗಳಲ್ಲಿ ಅಕ್ಕನ ಮದುವೆಯಾಯಿತು. ಭಾವನಿಗೆ ಶಿಕಾರಿಪುರದಲ್ಲಿ ಅಂಗಡಿಯ ಕೆಲಸ. ಕಾಲೇಜು ಹತ್ತಿರವೆಂದು ನಾನೂ ಅವರ ಬಾಡಿಗೆ ಮನೆಯಲ್ಲಿದ್ದೇನೆ. ಕರಾವಳಿಯ ಮನೆತನದ ಭಾವ ಹಸಿರೆಲೆಯ ಚಕ್ರ ಕಟ್ಟಿ, ಮೂರು ನೇರಳೆ, ಒಂದು ಗುಲಾಬಿ ಮೇಣದ ಬತ್ತಿ ತಂದರು. ಈ ಚಕ್ರ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ್ದು. ಹಬ್ಬ ಎಂದು, ಎಂದು ಎಂದು ದಿನವೂ ಕೇಳುತ್ತಿದ್ದ ಬಡ ಮಕ್ಕಳಿಗಾಗಿ ವಿಶೆರ್ನ್ ಎಂಬ ಪಾದ್ರಿ ಗಾಡಿಯ ಚಕ್ರದ ಮೇಲೆ ಮೇಣದ ಬತ್ತಿಗಳನ್ನು ಇರಿಸಿದನಂತೆ. ಅಕ್ಕ ಅದರ ನಡುವೆ ನಾಲ್ಕು ಹಣತೆಗಳನ್ನಿಟ್ಟು, "ನೀವು ಏನು ಬಿಡ್ತೀರಿ?" ಎಂದಳು. ಭಾವ ಕುಡಿಯುವವರಲ್ಲ. "ಬಿಡೋದಕ್ಕೆ ನನ್ನಲ್ಲಿ ಏನಿದೆ?" ಎಂದು ನಕ್ಕರು. "ಕಂತು" ಎಂದಳು ಅಕ್ಕ. ಟಿ.ವಿ., ಮೊಬೈಲು, ಮಂಚ ಎಲ್ಲವೂ ಕಂತಿನವೇ. ಭಾವನ ಮುಖ ಸಣ್ಣದಾಯಿತು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಹೊಸ ಸಂಸಾರದಲ್ಲಿ ಹೊಸ ಸಂಪ್ರದಾಯ ಹುಟ್ಟುವುದು ಹಾಡು ಹೇಳಿದಷ್ಟು ಸುಲಭವಲ್ಲವೆಂದು ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕಂಡುಕೊಂಡೆ. ಮೂರನೆಯ ದಿನ ಭಾವ ಹಬ್ಬಕ್ಕೆಂದು ಸಾಲದಲ್ಲಿ ಗೊತ್ತು ಮಾಡಿದ್ದ ಬಟ್ಟೆ ಬೇಡವೆಂದು ಹೇಳಿ ಬಂದರು.

ಎರಡನೆಯ ಭಾನುವಾರ ಅಪ್ಪ ಸೊರಬದಿಂದ ಬಸ್ಸಿನಲ್ಲಿ ಬಂದಿಳಿದ. ತೊಡೆಯ ಮೇಲೆ ತಗಡಿನ ತಟ್ಟೆ, ಅದರಲ್ಲಿ ಎರಡು ಬೆರಳೆತ್ತರದ ರಾಗಿ. ಈ ಸಲ ಭತ್ತ ಬಿತ್ತಿರಲಿಲ್ಲ.

ಜನವರಿ 6, ಮೂರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚುವುದು ವಾಡಿಕೆ. ನಾನು ಇದನ್ನು ಬರೆಯುತ್ತಿರುವುದು ಜನವರಿಯ ಕೊನೆಯ ವಾರದಲ್ಲಿ. ಹಳ್ಳಿಯ ಮನೆಯಲ್ಲಿ ಗೋದಲಿ ಇನ್ನೂ ಹಾಗೆಯೇ ಇದೆ. ರಾಗಿಯ ಪೈರು ಹಳದಿಯಾಗಿ ಬಾಗಿದೆ. ಅಪ್ಪ ಸಂಜೆ ಬಂದು ಅದಕ್ಕೆ ನೀರು ಹಾಕುತ್ತಾನೆ. ಬಿಚ್ಚೆಂದು ಅಮ್ಮನೂ ಹೇಳಿಲ್ಲ.